ಚುಕ್ಕಿಯಿರುವ ವಜ್ರ, ಸುತ್ತಿಗೆ ಕಂಡ ಚಿನ್ನ

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಅಂಗಳದಲ್ಲಿ ಕರಕುಶಲ ಮೇಳ ನಡೆದಿತ್ತು. ಒಡವೆ ಮಾಡುವ ಹುಡುಗಿಯೊಬ್ಬಳು ಕಪ್ಪು ಬಟ್ಟೆಯ ಮೇಲೆ ಹತ್ತು ಹನ್ನೆರಡು ಉಂಗುರ ಹರವಿಕೊಂಡು ಕೂತಿದ್ದಳು. ಮೊಮ್ಮಗಳ ಜೊತೆ ಬಂದ ಅಜ್ಜಿ ಅದರಲ್ಲಿ ಒಂದನ್ನು ಎತ್ತಿಕೊಂಡರು. ಮಂಜು ಕವಿದಂಥ ಬೂದು ಬಣ್ಣದ ವಜ್ರ, ಒಳಗೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಸುತ್ತಿನ ಚಿನ್ನದ ಮೇಲೆ ಸುತ್ತಿಗೆಯ ಪೆಟ್ಟುಗಳು ಬಿದ್ದ ಹಾಗೇ ಉಳಿದಿದ್ದವು.

"ಇದಿನ್ನೂ ಪಾಲಿಶ್ ಆಗ್ಬೇಕಾ ಮಗಾ?"

"ಇಲ್ಲ ಅಜ್ಜಿ, ಕೆಲ್ಸ ಮುಗ್ದಿದೆ. ಇದಿರೋದೇ ಹೀಗೆ."

"ಮತ್ತೆ ಒಳಗೆ ಈ ಕಪ್ಪು?"

"ಅದು ಭೂಮಿಯಿಂದ ಬರೋವಾಗ್ಲೇ ಬಂದಿದ್ದು."

ಅಜ್ಜಿ ಉಂಗುರ ಬೆರಳಿಗೆ ಹಾಕಿಕೊಂಡರು, ಕೈ ಚಾಚಿ ನೋಡಿದರು, ಬೆಲೆ ವಿಚಾರಿಸಿದರು. ಬೆಲೆ ತಿಳಿದ ಮೇಲೆ ಇನ್ನೊಂದು ಮಾತು ಕೇಳಿದರು: "ವಜ್ರಕ್ಕೆ ಹೊಳಪಿಲ್ಲ, ಚಿನ್ನ ಹದಿನೆಂಟು ಕ್ಯಾರೆಟ್ಟು. ಇಷ್ಟು ದುಡ್ಡು ಯಾವುದಕ್ಕೆ?" ಹುಡುಗಿ ಹೇಳತೊಡಗಿದಳು. ಅಷ್ಟರಲ್ಲಿ ಬೇರೆ ಗಿರಾಕಿಗಳು ಬಂದರು, ಉತ್ತರ ಅರ್ಧಕ್ಕೆ ನಿಂತಿತು. ಅಜ್ಜಿಯ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. ಅದು ಸರಿಯಾದ ಪ್ರಶ್ನೆ, ಸರಿಯಾದ ಉತ್ತರಕ್ಕೆ ಅರ್ಹವಾದ ಪ್ರಶ್ನೆ.

ಮಾರುಕಟ್ಟೆಯಲ್ಲಿ ಇಂಥ ಉಂಗುರಕ್ಕೆ 'ರಸ್ಟಿಕ್' ಎಂಬ ಹೆಸರು ನಿಂತಿದೆ. ನಾನು ಒರಟು ಉಂಗುರ ಎನ್ನುತ್ತೇನೆ. ಹರಳು ಕೊರೆಯದ್ದಿರಬಹುದು, ಗುಮ್ಮಟದ ಹಾಗೆ ಬರೀ ನುಣುಪು ಮಾಡಿದ್ದಿರಬಹುದು, ತಳ ಚಪ್ಪಟೆಯಾಗಿ ಮೇಲೆ ಕೆಲವೇ ಮುಖಗಳಿರುವ ರೋಸ್ ಕಟ್ ಇರಬಹುದು. ಲೋಹದ ಮೇಲೆ ಸುತ್ತಿಗೆ, ಅರ, ಬೆಂಕಿಯ ಗುರುತುಗಳನ್ನು ಅಳಿಸದೆ ಬಿಟ್ಟಿರುತ್ತಾರೆ. ಇಂಥದ್ದೇ ಇನ್ನೊಂದು ಸಿಗುವುದಿಲ್ಲ. ಈ ರುಚಿ ಅಮೆರಿಕ, ಯೂರೋಪಿನ ಸ್ಟುಡಿಯೋಗಳಿಂದ ಈಚೆಗೆ ಬಂದದ್ದು ಎಂದು ಬಹಳ ಜನ ನಂಬಿದ್ದಾರೆ. ಹೆಸರು ಅಲ್ಲಿಂದ ಬಂದದ್ದು ನಿಜ, ರುಚಿ ಮಾತ್ರ ಇಲ್ಲಿಯದು, ಬಹಳ ಹಳೆಯದು.

18ನೇ ಶತಮಾನದ ಮೊದಲ ಭಾಗದಲ್ಲಿ ಬ್ರೆಜಿಲ್‌ನಲ್ಲಿ ಗಣಿಗಳು ಸಿಗುವವರೆಗೆ ಜಗತ್ತಿನ ವಜ್ರವೆಂದರೆ ಹೆಚ್ಚುಕಡಿಮೆ ಭಾರತದ ವಜ್ರ, ಅದರಲ್ಲೂ ಕೃಷ್ಣಾ ನದಿಯ ಆಸುಪಾಸಿನದು. ರೋಮನ್ನರ ಉಂಗುರಗಳಲ್ಲಿ ವಜ್ರ ತನ್ನ ಹುಟ್ಟಿನ ಆಕಾರದಲ್ಲೇ ಕೂತಿದೆ, ಎರಡು ಪಿರಮಿಡ್‌ಗಳನ್ನು ಬುಡಕ್ಕೆ ಬುಡ ಸೇರಿಸಿದಂಥ ಎಂಟು ಮುಖದ ಹರಳು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಅಲ್ಲಿನ ಬೀದಿಯಲ್ಲಿ ಕೆಂಪು, ವಜ್ರ, ಪಚ್ಚೆ, ಮುತ್ತು ಎಲ್ಲವೂ ಮಾರಾಟಕ್ಕಿದ್ದುದನ್ನು ಬರೆದಿಟ್ಟಿದ್ದಾನೆ. ನಮ್ಮ ವಿಷಯಕ್ಕೆ ಅವನಿಗಿಂತ ಹೆಚ್ಚು ಒದಗುವವನು 17ನೇ ಶತಮಾನದ ಫ್ರೆಂಚ್ ರತ್ನ ವ್ಯಾಪಾರಿ ಜೀನ್ ಬಾಪ್ಟಿಸ್ಟ್ ಟವೆರ್ನಿಯೆ. ಗೋಲ್ಕೊಂಡ ಸೀಮೆಯ ಗಣಿಗಳನ್ನು ಖುದ್ದಾಗಿ ಸುತ್ತಿದವನು ಅವನು. ಕೊಲ್ಲೂರು ಗಣಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ 60,000 ಜನ ದುಡಿಯುತ್ತಿದ್ದರು ಎಂದು ಅವನ ಲೆಕ್ಕ.

ಅವನು ಕಂಡ ಗಣಿಯೊಂದರ ಬಳಿಯೇ ಸಾಣೆ ಹಿಡಿಯುವವರು ಇದ್ದರಂತೆ. ತಟ್ಟೆಯಗಲದ ಉಕ್ಕಿನ ಚಕ್ರ, ಒಂದು ಚಕ್ರಕ್ಕೆ ಒಂದೇ ಕಲ್ಲು. ಅವರು ಮಾಡುತ್ತಿದ್ದುದನ್ನು ಟವೆರ್ನಿಯೆ ಗಮನವಿಟ್ಟು ನೋಡಿದ್ದಾನೆ. ಕಲ್ಲು ಶುದ್ಧವಾಗಿದ್ದರೆ ಮೇಲೂ ಕೆಳಗೂ ಚಕ್ರಕ್ಕೆ ತಾಗಿಸಿದ ಹಾಗೆ ಮಾಡಿ ಬಿಟ್ಟುಬಿಡುತ್ತಿದ್ದರು, ತೂಕ ಹೋದೀತೆಂದು ಆಕಾರ ಕೊಡುವ ಗೋಜಿಗೇ ಹೋಗುತ್ತಿರಲಿಲ್ಲ. ಒಳಗೆ ಬಿರುಕೋ ಕಪ್ಪು ಚುಕ್ಕಿಯೋ ಕೆಂಪು ಮರಳಿನ ಕಣವೋ ಇದ್ದರೆ ಮಾತ್ರ, ಅದು ಕಣ್ಣಿಗೆ ಬೀಳದ ಹಾಗೆ ಕಲ್ಲಿನ ತುಂಬ ಮುಖಗಳನ್ನು ಕೊರೆಯುತ್ತಿದ್ದರು.

ಈ ಮಾತನ್ನು ಮೊದಲು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ವಜ್ರದ ಬಗ್ಗೆ ನಮಗೆ ಅಭ್ಯಾಸವಾಗಿರುವ ಯೋಚನೆಯನ್ನು ಇದು ತಲೆಕೆಳಗು ಮಾಡುತ್ತದೆ. ಕೊರೆತ ಹೆಚ್ಚಿದಷ್ಟೂ ಒಡವೆ ಮೇಲು ಎಂದು ನಾವು ತಿಳಿದಿದ್ದೇವೆ. ಗಣಿಯ ಬಾಯಲ್ಲೇ ಬದುಕಿದ ಆ ಕೆಲಸಗಾರರಿಗೆ ಕೊರೆತವೆಂದರೆ ಕುಂದನ್ನು ಮುಚ್ಚುವ ಹೊದಿಕೆ. ಒಳ್ಳೆಯ ಕಲ್ಲಿಗೆ ಅದು ಬೇಡವಾಗಿತ್ತು.

ಎರಡು ರುಚಿಗಳು ಎದುರುಬದುರು ನಿಂತ ಗಳಿಗೆಯೂ ಚರಿತ್ರೆಯಲ್ಲಿದೆ. 1849ರಲ್ಲಿ ಬಾಲಕ ದೊರೆ ದುಲೀಪ್ ಸಿಂಗನಿಂದ ಬ್ರಿಟಿಷರ ಕೈಸೇರಿದ ಕೊಹಿನೂರನ್ನು 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಇಟ್ಟರು. ನೂಕುನುಗ್ಗಲಿನಲ್ಲಿ ಬಂದ ಜನ ನಿರಾಶರಾಗಿ ಹೋದರು, ಕಲ್ಲು ಅವರು ಎಣಿಸಿದ ಹಾಗೆ ಹೊಳೆಯಲಿಲ್ಲ. ಮೊಗಲರ, ಪರ್ಷಿಯನ್ನರ, ಸಿಖ್ಖರ ಕೈ ದಾಟಿ ಬಂದಿದ್ದ, ಸುಮಾರು 186 ಕ್ಯಾರೆಟ್ ತೂಗುತ್ತಿದ್ದ ಆ ವಜ್ರವನ್ನು ಮಾರನೆಯ ವರ್ಷ ಆಮ್‌ಸ್ಟರ್‌ಡ್ಯಾಮಿನ ಕೆಲಸಗಾರರನ್ನು ಕರೆಸಿ ಮತ್ತೆ ಕೊರೆಸಿದರು. ಉಳಿದದ್ದು 105.6 ಕ್ಯಾರೆಟ್. ಹೊಳಪು ಬಂತು, ಐದರಲ್ಲಿ ಎರಡು ಪಾಲಿಗೂ ಹೆಚ್ಚು ವಜ್ರ ಪುಡಿಯಾಗಿ ಹೋಯಿತು. ಆ ನಷ್ಟವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಹೋದದ್ದು ತೂಕವಷ್ಟೇ ಅಲ್ಲ, ನಮ್ಮ ಕಡೆಯ ಕೈಗಳು ಆ ಕಲ್ಲನ್ನು ಹೇಗೆ ನೋಡಿದ್ದವು ಎಂಬ ಕುರುಹೂ ಹೋಯಿತು.

ಹಾಗೆಂದು ನಮ್ಮ ಪರಂಪರೆ ಕುಂದನ್ನು ಮೆಚ್ಚಿತ್ತು ಎಂದರೆ ಸುಳ್ಳಾದೀತು. 6ನೇ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ರತ್ನಗಳಿಗೆಂದೇ ಅಧ್ಯಾಯಗಳಿವೆ, ಒಳ್ಳೆಯ ರತ್ನ ದೊರೆಗೆ ಶುಭ, ಕೆಟ್ಟದ್ದು ಅಶುಭ ಎಂಬುದೇ ಅಲ್ಲಿನ ಮೊದಲ ಮಾತು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ವೂ ಭಂಡಾರದ ಮಾತು ಬಂದಾಗ ರತ್ನಪರೀಕ್ಷೆಗೆ ಜಾಗ ಕೊಟ್ಟಿದೆ. ರತ್ನಶಾಸ್ತ್ರದ ಪುಸ್ತಕಗಳು ವಜ್ರದ ದೋಷಗಳಿಗೆ ಬಿಂದು, ರೇಖೆ, ಯವ, ಕಾಕಪದ ಎಂದು ಹೆಸರಿಟ್ಟವು. ಕಾಗೆಯ ಕಾಲಿನ ಗುರುತಿರುವ ವಜ್ರ ಮನೆಗೆ ಬರಬಾರದು ಎಂಬ ಭಯ ಇವತ್ತಿಗೂ ಇದೆ. ಆ ಅಜ್ಜಿ ಕಪ್ಪು ಚುಕ್ಕಿಯನ್ನು ಕಂಡು ತಡೆದು ನಿಂತದ್ದಕ್ಕೆ ಅದೂ ಕಾರಣವಿರಬೇಕು. ನಂಬಿಕೆಯಿಂದ ಹರಳು ಧರಿಸುವವರಿಗೆ ಚುಕ್ಕಿಯ ವಜ್ರವನ್ನು ಯಾರೂ ಹೊರಿಸಬಾರದು. ಆದರೂ ಆ ಶಾಸ್ತ್ರಕಾರರು ಕಲ್ಲಿನ ಒಳಗನ್ನು ಎಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದರು ಎಂಬುದಕ್ಕೆ ಆ ಹೆಸರುಗಳೇ ಸಾಕ್ಷಿ. ಒರಟು ಉಂಗುರವನ್ನು ಮೆಚ್ಚುವವರೂ ಮಾಡುವುದು ಅದನ್ನೇ: ಒಳಗೆ ಇಣುಕುತ್ತಾರೆ, ಬಿಂದುವನ್ನೂ ರೇಖೆಯನ್ನೂ ಗುರುತಿಸುತ್ತಾರೆ. ಮುಂದಿನ ತೀರ್ಮಾನ ಮಾತ್ರ ಬೇರೆ.

ಆ ತೀರ್ಮಾನ ಬದಲಾದದ್ದು ಹೇಗೆ? 1888ರಲ್ಲಿ ಸಿ. ಆರ್. ಆಶ್‌ಬಿ ಎಂಬ ವಾಸ್ತುಶಿಲ್ಪಿ ಲಂಡನ್ನಿನ ಬಡವರ ಪೂರ್ವ ಭಾಗದಲ್ಲಿ ಕುಶಲಕರ್ಮಿಗಳ ಒಂದು ಸಂಘ ಕಟ್ಟಿದ. ಕಾರ್ಖಾನೆಯ ಮಾಲಿಗೆ ಬೇಸತ್ತು ಕೈಕೆಲಸಕ್ಕೆ ಮರಳಬೇಕೆಂದ ರಸ್ಕಿನ್, ವಿಲಿಯಂ ಮಾರಿಸ್ ಅವರ ದಾರಿ ಅವನದು. ಸಂಘದ ಒಡವೆಗಳಲ್ಲಿ ಬೆಳ್ಳಿಯ ಮೇಲೆ ಸುತ್ತಿಗೆಯ ಗುರುತು ಉಳಿಯಿತು. ಕೋರೈಸುವ ವಜ್ರದ ಜಾಗಕ್ಕೆ ಗುಮ್ಮಟದಂತೆ ನುಣುಪು ಮಾಡಿದ ಚಂದ್ರಕಾಂತ, ಪೆರೋಜಾ, ಓಪಲ್ ಬಂದವು. 1902ರಲ್ಲಿ ಸಂಘ ಚಿಪಿಂಗ್ ಕ್ಯಾಂಪ್ಡೆನ್ ಎಂಬ ಹಳ್ಳಿಪೇಟೆಗೆ ವಲಸೆ ಹೋಯಿತು. ಇಲ್ಲಿಂದ ಕಥೆ ನಮ್ಮ ಕಡೆಗೂ ತಿರುಗುತ್ತದೆ. ಸಿಂಹಳದಲ್ಲಿ ಖನಿಜ ಸಮೀಕ್ಷೆಯ ಮುಖ್ಯಸ್ಥನಾಗಿದ್ದ ಆನಂದ ಕುಮಾರಸ್ವಾಮಿ 1907ರಲ್ಲಿ ಅದೇ ಊರಿನ ಪಕ್ಕಕ್ಕೆ ಬಂದು ನೆಲೆಸಿದರು. ಅವರಿದ್ದ ಹಳೆಯ ಕಟ್ಟಡವನ್ನು ರಿಪೇರಿ ಮಾಡಿಕೊಟ್ಟವನು ಆಶ್‌ಬಿ. ಕುಮಾರಸ್ವಾಮಿಯವರ ಭಾವಮೈದುನ ಫ್ರೆಡ್ ಪಾರ್ಟ್ರಿಜ್ ಸಂಘದಲ್ಲಿ ಒಡವೆ ಮಾಡುತ್ತಿದ್ದವನು. ಸಿಂಹಳದ ಕಮ್ಮಾರರು, ಅಕ್ಕಸಾಲಿಗರು, ನೇಕಾರರ ಬಗ್ಗೆ ಕುಮಾರಸ್ವಾಮಿ ಬರೆದ ದೊಡ್ಡ ಗ್ರಂಥ ಅಚ್ಚಾದದ್ದೂ 1908ರಲ್ಲಿ ಅಲ್ಲಿಯೇ, ಮಾರಿಸ್ ಬಳಸಿದ್ದ ಮುದ್ರಣಯಂತ್ರದಲ್ಲಿ. ಕಲ್ಲಿನ ವಿಜ್ಞಾನ ಬಲ್ಲವನೊಬ್ಬ ಕೈಕೆಲಸದ ಮೇಳದಲ್ಲಿ ಕೂತು ಏಷ್ಯಾದ ಅಕ್ಕಸಾಲಿಗನ ಪರ ಮಾತಾಡಿದ್ದು ಸಣ್ಣ ಸಂಗತಿಯಲ್ಲ.

ಆದರೆ ಆಶ್‌ಬಿಯ ಸಂಘ ಉಳಿಯಲಿಲ್ಲ. ಲಿಬರ್ಟಿ ಕಂಪನಿ 1899ರಲ್ಲೇ ಅದೇ ಬಗೆಯ ಒಡವೆಗಳನ್ನು ಯಂತ್ರದ ನೆರವಿನಿಂದ ಮಾಡಿಸಿ, ಮೇಲೆ ಸುತ್ತಿಗೆಯ ಗುರುತು ಕೊಟ್ಟು, ಕಡಿಮೆ ಬೆಲೆಗೆ ಮಾರಲು ಶುರುಮಾಡಿತ್ತು. 1908ರ ಹೊತ್ತಿಗೆ ಸಂಘ ಮುಚ್ಚಿತು. ಇದೇ ಕಥೆ ಇಂದು ಮತ್ತೆ ನಡೆಯುತ್ತಿದೆ, ಅದನ್ನು ಮುಂದೆ ಹೇಳುತ್ತೇನೆ.

ಕುಂದಿಗೆ ಬೆಲೆ ತಂದುಕೊಟ್ಟದ್ದು ಮಾತ್ರ ಕಲಾವಿದರಿಗಿಂತ ಹೆಚ್ಚಾಗಿ ರಸಾಯನಶಾಸ್ತ್ರಜ್ಞರು. ಪ್ಯಾರಿಸ್ಸಿನ ಆಗಸ್ಟ್ ವೆರ್ನೈ ಅಲ್ಯೂಮಿನಾ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ. ಅದು ಗಾಜಲ್ಲ, ಬೇರೆ ಕಲ್ಲೂ ಅಲ್ಲ, ಮಾಣಿಕ್ಯವೇ. ಕುಂದಿಲ್ಲದ್ದು, ಎಷ್ಟು ಬೇಕೋ ಅಷ್ಟು ಸಿಗುವಂಥದ್ದು. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ವಜ್ರವೂ ತಯಾರಾಯಿತು. ಈಗ ಪ್ರಯೋಗಾಲಯದ ವಜ್ರ ಸೂರತ್ತಿನಲ್ಲಿ ಹೇರಳವಾಗಿ ಬೆಳೆಯುತ್ತದೆ, ಹತ್ತು ವರ್ಷಗಳಲ್ಲಿ ಅದರ ಬೆಲೆ ಪಾತಾಳಕ್ಕಿಳಿದಿದೆ. ಕಲೆಯಿಲ್ಲದ, ಬಣ್ಣವಿಲ್ಲದ, ಅಳತೆಗೆ ಸರಿಯಾಗಿ ಕೊರೆದ ವಜ್ರವನ್ನು ಯಾರು ಬೇಕಾದರೂ ಕೊಳ್ಳಬಹುದು. ಅದು ಒಳ್ಳೆಯದೇ. ಆದರೆ ಅಪರೂಪ ಎಂಬ ಗುಣ ಪರಿಪೂರ್ಣತೆಯನ್ನು ಬಿಟ್ಟು ಬೇರೆಡೆಗೆ ಹೋಗಲೇಬೇಕಾಯಿತು. ಮಾಣಿಕ್ಯದೊಳಗಿನ ರೂಟೈಲ್ ಸೂಜಿಗಳ ನವಿರು ಜಾಲಕ್ಕೆ ರತ್ನ ಪರೀಕ್ಷಕರು ರೇಷ್ಮೆ ಎನ್ನುತ್ತಾರೆ. ಪಚ್ಚೆಯೊಳಗಿನ ಪಾಚಿಯಂಥ ಬಿರುಕುಗಳಿಗೆ ಫ್ರೆಂಚರು ತೋಟ ಎನ್ನುತ್ತಾರೆ. ಒಂದು ಕಾಲಕ್ಕೆ ಬೆಲೆ ಇಳಿಸುತ್ತಿದ್ದ ಇವೇ ಇವತ್ತು ಕಲ್ಲು ಭೂಮಿಯಲ್ಲಿ ಹುಟ್ಟಿದ್ದೆಂದು ಹೇಳುವ ಸಾಕ್ಷಿಗಳು. ಸಾಣೆಗೂ ಲಾಯಕ್ಕಲ್ಲವೆಂದು ಕಾರ್ಖಾನೆಯ ಉಪಯೋಗಕ್ಕೆ ತಳ್ಳುತ್ತಿದ್ದ, ಕಪ್ಪು-ಬಿಳಿ ಚುಕ್ಕಿಗಳ 'ಉಪ್ಪು-ಮೆಣಸಿನ' ವಜ್ರ ಬೆರಳಿಗೇರಿದ್ದು ಹೀಗೆ.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ದುಡ್ಡು ಯಾವುದಕ್ಕೆ?

ಅಂಗಡಿಯ ಮಾಮೂಲಿ ವಜ್ರದುಂಗುರದಲ್ಲಿ ಹರಳು ಮಿಲಿಮೀಟರ್ ಲೆಕ್ಕಕ್ಕೆ ಸರಿಯಾಗಿ ಬರುತ್ತದೆ, ಅದು ಕೂರುವ ಗೂಡೂ ಎರಕದಲ್ಲಿ ಸಿದ್ಧವಾಗಿ ಬರುತ್ತದೆ. ಒಂದಕ್ಕೊಂದು ಜೋಡಿಸಿದರೆ ಮುಗಿಯಿತು. ಒರಟು ಹರಳಿಗೆ ಆ ಸೌಲಭ್ಯವಿಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು, ತಳ ಓರೆ. ಅಕ್ಕಸಾಲಿಗ ತೆಳು ಚಿನ್ನದ ಪಟ್ಟಿಯನ್ನು ಹರಳಿನ ಮೈಗೆ ಸುತ್ತಿ, ಅದರ ಅಂಕುಡೊಂಕಿಗೆ ತಕ್ಕಂತೆ ಬಾಗಿಸಿ, ಬೆಸುಗೆ ಹಾಕಿ, ತಳವನ್ನು ಅರದಿಂದ ತೀಡಿ, ಹರಳನ್ನು ಇಟ್ಟು ತೆಗೆದು, ಮತ್ತೆ ಇಟ್ಟು ತೆಗೆದು, ಅಲುಗಾಡದ ಹಾಗೆ ಕೂತ ಮೇಲೆ ಪಟ್ಟಿಯ ಅಂಚನ್ನು ಸುತ್ತಲೂ ಒತ್ತಬೇಕು. ಒಂದು ಪೆಟ್ಟು ಹೆಚ್ಚಾದರೆ ಹರಳು ಸೀಳುತ್ತದೆ. ವಜ್ರ ಎಲ್ಲಕ್ಕಿಂತ ಗಟ್ಟಿ ನಿಜ, ಆದರೆ ಅದಕ್ಕೂ ಸೀಳುವ ದಿಕ್ಕುಗಳಿವೆ. ಇಲ್ಲಿ ಒರಟಾಗಿ ಕಾಣುವುದು ಮೇಲ್ಮೈ ಮಾತ್ರ. ಕೂರಿಸುವ ಕೆಲಸ ಮಾಮೂಲಿ ಉಂಗುರಕ್ಕಿಂತ ಎಷ್ಟೋ ನಾಜೂಕು. ಅಜ್ಜಿ ಕೇಳಿದ ದುಡ್ಡಿನ ದೊಡ್ಡ ಪಾಲು ಈ ಗಂಟೆಗಳಿಗೆ ಹೋಗುತ್ತದೆ.

ನಮ್ಮ ಕುಂದಣದ ಕೆಲಸ ಇದೇ ತತ್ವದ್ದು. ಅರಗು ತುಂಬಿದ ಗೂಡಿನಲ್ಲಿ ಹರಳಿಟ್ಟು, ಅಪ್ಪಟ ಚಿನ್ನದ ಎಳೆಗಳನ್ನು ಸುತ್ತ ಒತ್ತಿಯೇ ಹಿಡಿಸುತ್ತಾರೆ. ಕೊರೆಯದ ವಜ್ರವೂ ಓರೆಕೋರೆಯ ಕೆಂಪೂ ಅದರಲ್ಲಿ ಚೆನ್ನಾಗಿ ಕೂರುತ್ತವೆ, ಏಕೆಂದರೆ ಅಲ್ಲಿ ಚಿನ್ನವೇ ಹರಳು ಹೇಳಿದ ಮಾತು ಕೇಳುತ್ತದೆ. ಕೊಡಗಿನ ಕೊಕ್ಕೆತಾತಿ ಎಂಬ ಕೊರಳೊಡವೆಯ ಕೆಂಪುಗಳನ್ನು ನೋಡಿ. ಸಾಲಾಗಿ ಕೂತಿದ್ದರೂ ಒಂದರ ಹಾಗೆ ಒಂದಿಲ್ಲ, ಮುಖ ಕೊರೆಯದೆ ನುಣುಪಾಗಿ ಉಬ್ಬಿಕೊಂಡಿವೆ.

ಆದರೆ ನಮ್ಮ ಚಿನಿವಾರ ಪೇಟೆಯ ಲೆಕ್ಕದಲ್ಲಿ ಈ ಗಂಟೆಗಳಿಗೆ ಅಂಕಣವೇ ಇಲ್ಲ. ಬೆಂಗಳೂರಿನ ನಗರ್ತಪೇಟೆಯ ಯಾವ ಅಂಗಡಿಗೆ ಹೋದರೂ ತಕ್ಕಡಿ ಮೊದಲು. ಚಿನ್ನದ ತೂಕ, ದಿನದ ದರ, ಮೇಲೆ ಶೇಕಡಾ ಇಷ್ಟು ವೇಸ್ಟೇಜು. ಕೈಯ ಬುದ್ಧಿಗೆ ಕೊಡುವ ಹಣವನ್ನು ನಾವು ನಷ್ಟದ ಹೆಸರಿನಲ್ಲಿ ಕರೆಯುತ್ತೇವೆ, ಅದರಲ್ಲೂ ಚೌಕಾಸಿ ಮಾಡುತ್ತೇವೆ. ಇದರಿಂದಲೇ ಊರೂರಿನ ಪತ್ತಾರರ ಕುಲುಮೆಗಳು ಆರಿದವು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ತೂಕಕ್ಕೇ ಬೆಲೆ ಎಂದಾದ ಮೇಲೆ ಅಚ್ಚಿನಲ್ಲಿ ಒತ್ತಿದ್ದೂ ಕೈಯಲ್ಲಿ ತೀಡಿದ್ದೂ ಒಂದೇ ಆಯಿತು. ಒರಟು ಉಂಗುರ ಮಾಡುವ ಹೊಸ ತಲೆಮಾರಿನವರು ಉಂಗುರಕ್ಕೆ ಒಟ್ಟಾಗಿ ಒಂದು ಬೆಲೆ ಹೇಳುತ್ತಾರೆ, ಗ್ರಾಂ ಲೆಕ್ಕ ಹೇಳುವುದಿಲ್ಲ. ಅದಕ್ಕಾಗಿಯೇ ನಾನು ಅವರ ಪರ.

ಪರ ಎಂದ ಮಾತ್ರಕ್ಕೆ ಕೊಳ್ಳುವವರಿಂದ ಕಷ್ಟದ ಮಾತುಗಳನ್ನು ಮುಚ್ಚಿಡಲಾಗದು. ಮೊದಲನೆಯದಾಗಿ ಇದು ಹೂಡಿಕೆಯಲ್ಲ. ನಾಳೆ ಕಷ್ಟವೆಂದು ಮಾರಲು ಹೋದರೆ ಹರಳಿನ ತೂಕ ಕಳೆದು ಚಿನ್ನಕ್ಕಷ್ಟೇ ಹಣ ಕೊಡುತ್ತಾರೆ. 18 ಕ್ಯಾರೆಟ್ ಎಂದರೆ ನೂರಕ್ಕೆ 75 ಪಾಲು ಚಿನ್ನ, 14 ಕ್ಯಾರೆಟ್ ಎಂದರೆ 58.5 ಪಾಲು. ಮಿಶ್ರಣ ಹೆಚ್ಚಿದ್ದಕ್ಕೇ ಅದು ಗಟ್ಟಿ, ದಿನವೂ ಹಾಕುವ ಉಂಗುರಕ್ಕೆ ಒಳ್ಳೆಯದು, ಆದರೆ ಮಾರುವಾಗ 22 ಕ್ಯಾರೆಟ್ಟಿನ, ಅಂದರೆ 916ರ ಲೆಕ್ಕ ಅದಕ್ಕೆ ಸಿಗದು. ಮಗಳ ಮದುವೆಗೆಂದು ಕೂಡಿಡುವ ಚಿನ್ನವನ್ನು ಇದಕ್ಕೆ ಹಾಕಬೇಡಿ.

ಎರಡನೆಯ ಮಾತು ಆಶ್‌ಬಿಯ ಕಥೆಯದೇ. ಈಗ ಕಂಪ್ಯೂಟರಿನಲ್ಲಿ ಸುತ್ತಿಗೆಯ ಪೆಟ್ಟುಗಳನ್ನು ಬರೆದು, ಮೇಣದ ಅಚ್ಚು ತೆಗೆದು, ನೂರಾರು ಉಂಗುರಗಳನ್ನು ಒಟ್ಟಿಗೆ ಎರಕ ಹೊಯ್ಯುತ್ತಾರೆ. ಅವುಗಳ ಮೇಲೂ ಕೈಕೆಲಸ ಎಂಬ ಚೀಟಿ ನೇತಾಡುತ್ತದೆ. ಗುರುತಿಸಬೇಕಾದರೆ ಒಂದೇ ವಿನ್ಯಾಸದ ಎರಡು ಉಂಗುರಗಳನ್ನು ಪಕ್ಕದಲ್ಲಿಟ್ಟು ನೋಡಿ. ಪೆಟ್ಟುಗಳು ಅದೇ ಜಾಗದಲ್ಲಿ ಅದೇ ಆಳದಲ್ಲಿ ಬಿದ್ದಿದ್ದರೆ ಅದು ಅಚ್ಚು. ನಿಜವಾಗಿ ಬಡಿದ ಸುತ್ತಿನಲ್ಲಿ ಲೋಹ ಅಂಚಿನ ಕಡೆಗೆ ತುಸು ಹರಡಿರುತ್ತದೆ, ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಎರಕದ್ದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎರಕವನ್ನು ಎರಕವೆಂದೇ ಹೇಳಿ ಎರಕದ ಬೆಲೆಗೆ ಮಾರಲಿ. ಕಲ್ಲಿನಲ್ಲೂ ಇಂಥದ್ದೇ ಮೋಸವಿದೆ: ಬಿರುಕುಗಳಿಗೆ ಸೀಸದ ಗಾಜು ತುಂಬಿದ ಮಾಣಿಕ್ಯ 'ರಫ್ ರೂಬಿ' ಎಂದು ಸಲೀಸಾಗಿ ಸಾಗುತ್ತದೆ. ಒರಟು ಮೇಲ್ಮೈಯಲ್ಲಿ ಆ ತುಂಬಿಕೆ ಕಣ್ಣಿಗೆ ಬೀಳುವುದು ಕಷ್ಟ. ಬೆಲೆ ದೊಡ್ಡದಾದರೆ ಪ್ರಯೋಗಾಲಯದ ಚೀಟಿ ಕೇಳಲೇಬೇಕು.

ಲೋಹಕ್ಕೆ ಹಾಲ್‌ಮಾರ್ಕ್ ಇದೆ. 2021ರ ಜೂನ್‌ನಿಂದ ಮೊದಲು 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದೆ ಅಂಗಡಿಯವರು ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಆದರೆ 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೂ ಕುಂದಣ, ಪೋಲ್ಕಿ, ಜಡಾವು ಕೆಲಸಕ್ಕೂ ವಿನಾಯಿತಿ ಇದೆ. ಒರಟು ಉಂಗುರಗಳಲ್ಲಿ ಕೆಲವು ಈ ವಿನಾಯಿತಿಯೊಳಗೇ ಬರುತ್ತವೆ. ಅಂಥಲ್ಲಿ ಮಾಡಿದವರ ಮಾತು ಮತ್ತು ಬಿಲ್ಲಿನಲ್ಲಿ ಅವರು ಬರೆದುಕೊಟ್ಟದ್ದೇ ಆಧಾರ.

ಇನ್ನು ಧರಿಸುವ ಮಾತು. ಮನೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಮೋಸ್ ಮಾಪನದಲ್ಲಿ ಅದರ ಗಡಸುತನ 7. ಅದಕ್ಕಿಂತ ಮೆತ್ತಗಿನ ಹರಳು ಒರೆಸಿ ಒರೆಸಿಯೇ ಮಾಸುತ್ತದೆ. ವಜ್ರ 10, ಮಾಣಿಕ್ಯ ಮತ್ತು ನೀಲ 9, ಇವಕ್ಕೆ ಭಯವಿಲ್ಲ. ಓಪಲ್, ಪೆರೋಜಾ, ಚಂದ್ರಕಾಂತ 7ಕ್ಕಿಂತ ಕೆಳಗೆ, ಪಾತ್ರೆ ತೊಳೆಯುವ ಕೈಗೆ ಅವು ಬೇಡ. ಕುಂದಣದ ಉಂಗುರಕ್ಕೆ ನೀರು ಶತ್ರು, ಹಿಂಬದಿಯ ತಗಡು ಕಪ್ಪಾಗುತ್ತದೆ. ಪಚ್ಚೆಯ ಬಿರುಕಿಗೆ ಎಣ್ಣೆ ಕುಡಿಸಿರುವುದರಿಂದ ಅಂಗಡಿಯ ಅಲ್ಟ್ರಾಸೋನಿಕ್ ಯಂತ್ರಕ್ಕೆ ಹಾಕಬಾರದು. ಸುತ್ತಿಗೆಯ ಗುರುತಿರುವ ಚಿನ್ನಕ್ಕೆ ಮಾತ್ರ ಯಾವ ಉಪಚಾರವೂ ಬೇಕಿಲ್ಲ. ನುಣುಪು ಉಂಗುರದ ಮೇಲೆ ಬಿದ್ದ ಒಂದು ಗೀರು ವರ್ಷಗಟ್ಟಲೆ ಕಣ್ಣಿಗೆ ಚುಚ್ಚುತ್ತದೆ, ಇದರ ಮೇಲೆ ಬಿದ್ದದ್ದು ಮೊದಲಿದ್ದ ಗುರುತುಗಳ ಜೊತೆ ಸೇರಿಹೋಗುತ್ತದೆ. ಗದ್ದೆ, ಅಡಿಗೆಮನೆ, ಗ್ಯಾರೇಜು ಎಲ್ಲೆಡೆಯೂ ದುಡಿಯುವ ಕೈಗೆ ಇದು ಒಗ್ಗುವುದು ಅದಕ್ಕೇ.

ಯಾವ ಹರಳು ಎಂದು ಕೇಳುವವರಿಗೆ ನಾನು ಹೇಳುವುದು ಹಳೇ ಮೈಸೂರು ಸೀಮೆಯ ನಕ್ಷತ್ರ ಕೆಂಪನ್ನು. ಮಾಣಿಕ್ಯದ ಕುಲದ್ದೇ, ಕೊರಂಡಮ್ ಖನಿಜ, ಗಡಸುತನ 9. ಆದರೆ ಬೆಳಕು ಹಾಯುವುದಿಲ್ಲ, ಬಣ್ಣ ಒಣಗಿದ ನೇರಳೆ ಹಣ್ಣಿನ ಕಲೆಯಂತೆ. ಬರ್ಮಾದ ಕೆಂಪಿನ ಪಕ್ಕದಲ್ಲಿಟ್ಟರೆ ಯಾವ ವ್ಯಾಪಾರಿಯೂ ಇದನ್ನು ತಿರುಗಿ ನೋಡುವುದಿಲ್ಲ, ಬೆಲೆಯೂ ಸಾಮಾನ್ಯರ ಕೈಗೆಟಕುವಂಥದು. ಇದಕ್ಕೆ ಮುಖ ಕೊರೆದರೆ ಏನೂ ಸಿಗದು. ಗುಮ್ಮಟದಂತೆ ಸಾಣೆ ಹಿಡಿದರೆ ಒಳಗೆ ಮೂರು ದಿಕ್ಕಿಗೆ ಮಲಗಿರುವ ರೂಟೈಲ್ ಸೂಜಿಗಳು ಬೆಳಕನ್ನು ಹಿಡಿದು ಆರು ಕಾಲಿನ ನಕ್ಷತ್ರವೊಂದನ್ನು ಮೇಲಕ್ಕೆ ತರುತ್ತವೆ. ಸಾಣೆ ಹಿಡಿಯುವವನು ಚಕ್ರಕ್ಕೆ ತಾಗಿಸುವ ಮುಂಚೆ ಕಲ್ಲನ್ನು ಒದ್ದೆ ಮಾಡಿ ಒಂದೇ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ಅದರ ದಿಕ್ಕನ್ನು ಹುಡುಕಬೇಕು. ದಿಕ್ಕು ತಪ್ಪಿದರೆ ನಕ್ಷತ್ರ ಗುಮ್ಮಟದ ಒಂದು ಬದಿಗೆ ಜಾರಿ ಚಿನ್ನದ ಅಂಚಿನ ಕೆಳಗೆ ಅರ್ಧ ಮುಚ್ಚಿಹೋಗುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದು ಕಾಣುವುದೂ ಇಲ್ಲ, ಅಂಗಡಿಯಲ್ಲಿ ನೋಡಿದರೆ ಕಂದು ಕಲ್ಲು. ಉಂಗುರ ಹಾಕಿಕೊಂಡು ಹೊರಗೆ ಬಂದು ಕೈಯನ್ನು ಬಿಸಿಲಿಗೆ ಹಿಡಿಯಬೇಕು. ಆಗ ಅದು ಮೂಡುತ್ತದೆ, ಕೈ ತಿರುಗಿದ ಹಾಗೆ ಕಲ್ಲಿನ ಮೇಲೆ ಮೆಲ್ಲಗೆ ಸರಿಯುತ್ತದೆ.